ಕೊಂಡಜ್ಜಿಗೆ ಬಾರದಿದ್ದವರು

(ಸಂಘದ ವಾರ್ಷಿಕೋತ್ಸವ ಹಾಗೂ ಪ್ರತಿಭಾ ಪುರಸ್ಕಾರ ಸಮಾರಂಭದಲ್ಲಿ ಮಾಡಿದ ಭಾಷಣದ ಬರಹ ರೂಪ)



ಶಿಕ್ಷಣದ ಮಹತ್ವದ ಬಗ್ಗೆ ನಾಲ್ಕು ಮಾತು ಹೇಳಿ ಎಂದು ಕಾರ್ಯದರ್ಶಿಗಳು ಕೇಳಿದ್ದಾರೆ. ಮೂವತ್ತು ವರ್ಷ ಪಾಠ ಮಾಡಿದವನಿಗೆ ಅದೇನೂ ಕಷ್ಟದ ವಿಷಯವಲ್ಲ. ಆದರೆ ಅದನ್ನು ಈ ವೇದಿಕೆಯಿಂದ ನೀವು ಪ್ರತಿ ವರ್ಷ ಕೇಳಿದ್ದೀರಿ. ಅದಕ್ಕೇ ನಾನಿಂದು ಒಂದು ಬೇಸಿಗೆ ಶಿಬಿರದ ಕಥೆ ಹೇಳುತ್ತೇನೆ. ಅದರಲ್ಲಿ ನನ್ನದೊಂದು ತಪ್ಪೂ ಇದೆ.

ಅದು 1985ರ ಏಪ್ರಿಲ್. ಏಳನೇ ತರಗತಿಯ ಪರೀಕ್ಷೆ ಮುಗಿದಿತ್ತು. ನಮ್ಮದು ದಾವಣಗೆರೆಯ ಒಂದು ಉರ್ದು ಹಿರಿಯ ಪ್ರಾಥಮಿಕ ಶಾಲೆ. ಆಗ ದಾವಣಗೆರೆ ಇನ್ನೂ ಜಿಲ್ಲೆಯಾಗಿರಲಿಲ್ಲ, ಚಿತ್ರದುರ್ಗಕ್ಕೇ ಸೇರಿತ್ತು. ನಮ್ಮ ಸ್ಕೌಟ್ ಮೇಷ್ಟ್ರು ಏಳು ಹುಡುಗರನ್ನು ಆರಿಸಿ ಕೊಂಡಜ್ಜಿಗೆ ಕರೆದುಕೊಂಡು ಹೋದರು. ಇಲ್ಲಿ ಕುಳಿತಿರುವ ಮಕ್ಕಳಲ್ಲಿ ಎಷ್ಟು ಜನ ಕೊಂಡಜ್ಜಿ ನೋಡಿದ್ದೀರೋ ತಿಳಿಯದು. ಹರಿಹರ ತಾಲ್ಲೂಕಿನ ಹಳ್ಳಿ ಅದು. ದಾವಣಗೆರೆಯಿಂದ ಹತ್ತು ಹನ್ನೆರಡು ಕಿಲೋಮೀಟರ್ ಅಷ್ಟೇ. ಗುಡ್ಡ, ಕುರುಚಲು ಕಾಡು, ಮಗ್ಗುಲಲ್ಲೇ ಕೆರೆ. ಆ ಊರಿನವರೇ ಆದ ಕೊಂಡಜ್ಜಿ ಬಸಪ್ಪನವರು ಸ್ಕೌಟ್ ಚಳವಳಿಗೆ ಬಹಳ ದುಡಿದವರು. ಹೀಗಾಗಿ ಅಲ್ಲಿ ಸ್ಕೌಟ್ ಶಿಬಿರ ನಡೆಯುವುದು ಸುತ್ತಲಿನ ಊರುಗಳಿಗೆಲ್ಲ ಗೊತ್ತಿರುವ ಸಂಗತಿ.

ನಾಲ್ಕು ಶಾಲೆಗಳಿಂದ ಒಟ್ಟು 32 ಹುಡುಗರು, ಎಂಟೆಂಟು ಜನರ ನಾಲ್ಕು ಪೆಟ್ರೋಲ್. ನಮ್ಮದು ಹುಲಿ ಪೆಟ್ರೋಲ್. ಶಾಲೆಗೆ ಒಂದು, ಧರ್ಮಕ್ಕೆ ಒಂದು ಗುಂಪು ಆಗದಂತೆ ಮೇಷ್ಟ್ರುಗಳು ಬೇಕೆಂದೇ ನಮ್ಮನ್ನು ಕಲೆಸಿಬಿಟ್ಟಿದ್ದರು. ಬೇಡನ್ ಪೋವೆಲ್ 1907ರಲ್ಲಿ ಇಂಗ್ಲೆಂಡಿನ ಬ್ರೌನ್‌ಸೀ ದ್ವೀಪದಲ್ಲಿ ನಡೆಸಿದ ಮೊದಲ ಶಿಬಿರದಲ್ಲೂ ಹೀಗೇ ಮಾಡಿದ್ದನಂತೆ. ಸಾಹುಕಾರರ ಶಾಲೆಗಳ ಹುಡುಗರನ್ನೂ ಕೂಲಿಕಾರರ ಮಕ್ಕಳನ್ನೂ ಒಂದೇ ಗುಡಾರದಲ್ಲಿ ಮಲಗಿಸಿದ್ದ. ಆ ಕಾಲಕ್ಕೆ ಅದು ಸಣ್ಣ ಮಾತಲ್ಲ.

ಮನೆಗೆ ಬಂದು ಸ್ಕೌಟುಗಳು ಎಡಗೈ ಕುಲುಕುತ್ತಾರೆ ಎಂದು ತೋರಿಸಲು ಹೋಗಿ ದಾದಿಯಿಂದ ಬೆನ್ನಿಗೆ ಒಂದು ಪೆಟ್ಟು ತಿಂದದ್ದು ಇನ್ನೂ ನೆನಪಿದೆ. ಎಡಗೈ ಹೃದಯದ ಕಡೆಗಿದೆ, ಅದಕ್ಕೇ, ಎಂದು ಮೇಷ್ಟ್ರು ಹೇಳಿಕೊಟ್ಟಿದ್ದನ್ನು ಹೇಳಿದೆ. ಅವರು ಒಪ್ಪಲಿಲ್ಲ.

ನಮ್ಮ ಪೆಟ್ರೋಲ್ ಲೀಡರ್ ನಾನಾಗಿರಲಿಲ್ಲ. ತರಗತಿಗೆ ಮೊದಲಿಗ ನಾನು, ಆದರೆ ಲೀಡರ್ ಆದದ್ದು ನನ್ನ ಪಕ್ಕದ ಬೆಂಚಿನ ಗೆಳೆಯ. ಹೆಸರು ಹೇಳುವುದಿಲ್ಲ, ಹೇಳಬೇಡ ಎಂದು ಅವನೇ ಕೇಳಿಕೊಂಡಿದ್ದಾನೆ. ಮೂರು ಕಲ್ಲಿಟ್ಟು ಗಾಳಿಯಲ್ಲಿ ಒಂದೇ ಕಡ್ಡಿಗೆ ಒಲೆ ಹೊತ್ತಿಸುತ್ತಿದ್ದ. ಬೋಲೈನ್ ಗಂಟನ್ನು ಕಣ್ಣು ಮುಚ್ಚಿ ಹಾಕುತ್ತಿದ್ದ. ಆಳುವ ಚಿಕ್ಕ ಹುಡುಗರಿಗೆ ರಾತ್ರಿ ತನ್ನ ಚಾದರ ಕೊಡುತ್ತಿದ್ದ. ಶಿಬಿರದ ಶುಲ್ಕ ಹದಿನೈದು ರೂಪಾಯಿಯನ್ನು ಅವನ ಪರವಾಗಿ ಮೇಷ್ಟ್ರು ತಮ್ಮ ಜೇಬಿನಿಂದ ಕಟ್ಟಿದ್ದರು ಎಂದು ನನಗೆ ತಿಳಿದದ್ದು ಎಷ್ಟೋ ವರ್ಷಗಳ ಮೇಲೆ.

ಮೂರನೇ ದಿನ ಜಾಡು ಹಿಡಿಯುವ ಆಟ. ಗುಡ್ಡದ ಮೇಲೆ ದಾರಿಯುದ್ದಕ್ಕೂ ಕಲ್ಲು ಕಡ್ಡಿಗಳಲ್ಲಿ ಗುರುತು ಇಟ್ಟಿರುತ್ತಾರೆ. ಬಾಣ ಇದ್ದರೆ ಈ ಕಡೆ ಹೋಗು. ಅಡ್ಡಗೀಟು ಇದ್ದರೆ ಈ ದಾರಿ ಬೇಡ. ವೃತ್ತದ ನಡುವೆ ಒಂದು ಚುಕ್ಕೆ ಇದ್ದರೆ ಆಟ ಮುಗಿಯಿತು, ನಾನು ಮನೆಗೆ ಹೋಗಿದ್ದೇನೆ ಎಂದು ಅರ್ಥ. ಕೀನ್ಯಾದ ನೈಯೇರಿಯಲ್ಲಿ ಬೇಡನ್ ಪೋವೆಲ್‌ನ ಸಮಾಧಿಯ ಕಲ್ಲಿನ ಮೇಲೂ ಇದೇ ಗುರುತು ಕೆತ್ತಿದ್ದಾರೆ.

ಅಡ್ಡಗೀಟು ನೋಡಿಯೂ ನಾನು ಆ ದಾರಿಯಲ್ಲೇ ಹೋದೆ. ಹತ್ತಿರದ ದಾರಿ ಎಂಬ ಲೆಕ್ಕಾಚಾರ, ಮೊದಲಿಗನ ಬುದ್ಧಿ! ಅರ್ಧ ಗಂಟೆಯಲ್ಲಿ ನನಗೆ ಕೆರೆಯೂ ಕಾಣಲಿಲ್ಲ, ಗುಡಾರವೂ ಕಾಣಲಿಲ್ಲ. ಕಾಲಿಗೆ ಮುಳ್ಳು, ಏಪ್ರಿಲ್ ಬಿಸಿಲು, ಬಾಯಿ ಒಣಗಿ ಕೂಗಲೂ ದನಿಯಿಲ್ಲ. ನನ್ನನ್ನು ಹುಡುಕಿಕೊಂಡು ಬಂದವನು ಅವನೇ. ಉಳಿದವರನ್ನು ಮುಂದೆ ಕಳಿಸಿ ಒಬ್ಬನೇ ಹಿಂದಕ್ಕೆ ಬಂದಿದ್ದ. ಎಂಟೂ ಜನ ಒಟ್ಟಿಗೆ ತಲುಪಿದರೆ ಮಾತ್ರ ಅಂಕ. ನಮ್ಮ ಪೆಟ್ರೋಲ್ ಕೊನೆಯ ಸ್ಥಾನಕ್ಕೆ ಬಂತು. ಏಕೆ ತಡವಾಯಿತು ಎಂದು ಮೇಷ್ಟ್ರು ಕೇಳಿದಾಗ "ಗುರುತು ನೋಡುವುದರಲ್ಲಿ ನಾನೇ ತಪ್ಪಿದೆ ಸರ್" ಎಂದ. ನಾನು ಸುಮ್ಮನೆ ನಿಂತಿದ್ದೆ.

ಜೂನ್‌ನಲ್ಲಿ ಹೈಸ್ಕೂಲು ಶುರುವಾಯಿತು. ಅವನು ಬರಲಿಲ್ಲ. ಆಗಿನ ವ್ಯವಸ್ಥೆ ಹಿರಿಯರಿಗೆ ನೆನಪಿದ್ದೀತು. ಏಳನೇ ತರಗತಿಗೆ ಪ್ರಾಥಮಿಕ ಶಾಲೆ ಮುಗಿಯುತ್ತಿತ್ತು. ಎಂಟಕ್ಕೆ ಬೇರೆ ಶಾಲೆ, ಬೇರೆ ಬೀದಿ, ಹೊಸ ಅರ್ಜಿ, ಹೊಸ ಖರ್ಚು. ಬಡವರ ಮಕ್ಕಳು ಉದುರುತ್ತಿದ್ದುದು ಸರಿಯಾಗಿ ಆ ಸಂದಿಯಲ್ಲೇ. ಹಳೆಯ ಶಾಲೆಯವರು ಹುಡುಗ ಪಾಸಾಗಿ ಹೋದ ಎಂದುಕೊಳ್ಳುತ್ತಿದ್ದರು. ಹೊಸ ಶಾಲೆಗೆ ಅಂಥ ಹುಡುಗ ಇದ್ದಾನೆಂದೇ ಗೊತ್ತಿರುತ್ತಿರಲಿಲ್ಲ. ಯಾರ ಹಾಜರಿ ಪುಸ್ತಕದಲ್ಲೂ ಅವನು ಗೈರುಹಾಜರಲ್ಲ.

ಅವನ ತಂದೆಗೆ ಎದೆಯ ಕಾಯಿಲೆ. ಅವನು ಮಂಡಕ್ಕಿ ಭಟ್ಟಿ ಸೇರಿದ. ದಾವಣಗೆರೆಯ ಮಂಡಕ್ಕಿ ನೀವೆಲ್ಲ ತಿಂದಿದ್ದೀರಿ. ಭತ್ತ ನೆನೆಸಿ, ಬೇಯಿಸಿ, ಒಣಗಿಸಿ, ಅಕ್ಕಿ ಮಾಡಿಸಿ, ಉಪ್ಪು ಹಿಡಿಸಿ, ಕೆಂಪಗೆ ಕಾದ ಮರಳಿನಲ್ಲಿ ಹುರಿದರೆ ಅರಳುವುದು ಅದು. ಒಲೆಯ ಮುಂದಿನ ಕೆಲಸ ಬೆಳಗಿನ ಜಾವವೇ ಶುರು. ಹೊಗೆ, ಧಗೆ, ದೂಳು. ಅವನಿಗೆ ಆಗ ಹದಿಮೂರು ವರ್ಷ. ಬಾಲಕಾರ್ಮಿಕ ನಿಷೇಧ ಮತ್ತು ನಿಯಂತ್ರಣ ಕಾಯ್ದೆ ಬಂದದ್ದು ಮರುವರ್ಷ, 1986ರಲ್ಲಿ. ಹದಿನಾಲ್ಕು ತುಂಬದ ಮಕ್ಕಳನ್ನು ಯಾವ ಉದ್ಯೋಗಕ್ಕೂ ಇಟ್ಟುಕೊಳ್ಳಕೂಡದು ಎಂದು ಅದಕ್ಕೆ ತಿದ್ದುಪಡಿಯಾದದ್ದು 2016ರಲ್ಲಿ. ಅದರಲ್ಲೂ ಮನೆಯ ಕಸುಬಿಗೆ ವಿನಾಯಿತಿ ಉಳಿಯಿತು.

ನಾನು ಹೈಸ್ಕೂಲಿಗೆ ಹೋಗುವ ದಾರಿ ಆ ಭಟ್ಟಿಯ ಮುಂದೆಯೇ. ಮೊದಮೊದಲು ಒಂದೆರಡು ಸಲ ನಿಂತೆ. ಅವನ ಮೈಯೆಲ್ಲ ಬೂದಿ, ನನ್ನದು ಇಸ್ತ್ರಿ ಮಾಡಿದ ಬಿಳಿ ಅಂಗಿ. ಆಮೇಲೆ ಬೇರೆ ದಾರಿ ಹಿಡಿದೆ. ಸುತ್ತಿನ ದಾರಿ, ಹತ್ತು ನಿಮಿಷ ಹೆಚ್ಚು. ಗುಡ್ಡದಲ್ಲಿ ನನ್ನನ್ನು ಹುಡುಕಿಕೊಂಡು ಬಂದವನ ಮನೆಗೆ ನಾನು ಒಂದು ದಿನವೂ ಹೋಗಲಿಲ್ಲ. ನಮ್ಮ ಮೇಷ್ಟ್ರು ಎರಡು ಬಾರಿ ಹೋಗಿದ್ದರಂತೆ.

ಈಗ 2023ಕ್ಕೆ ಬರೋಣ. ಹಳೆಯ ಶಿಬಿರದ ಗೆಳೆಯರೊಬ್ಬರು, ಈಗ ಗುತ್ತಿಗೆದಾರರು, ಉತ್ಸಾಹದಿಂದ ಓಡಾಡಿ ವಾಟ್ಸಾಪ್ ಗುಂಪು ಮಾಡಿ ಜನವರಿಯ ಒಂದು ಭಾನುವಾರ ಎಲ್ಲರನ್ನೂ ಮತ್ತೆ ಕೊಂಡಜ್ಜಿಯಲ್ಲಿ ಸೇರಿಸಿದರು. ಮೂವತ್ತೇಳು ವರ್ಷಗಳ ಮೇಲೆ! ಹತ್ತೊಂಬತ್ತು ಜನ ಬಂದಿದ್ದೆವು. ಬ್ಯಾಂಕಿನವರು, ಡಾಕ್ಟರು, ಇಬ್ಬರು ಎಂಜಿನಿಯರು, ಅಡಿಕೆ ತೋಟದ ಯಜಮಾನರು. ದುಬೈನಿಂದಲೂ ಒಬ್ಬರು. ಕೆರೆಯಲ್ಲಿ ನೀರಿತ್ತು. ಗುಡ್ಡ ಮಾತ್ರ ನಾನು ನೆನಪಿಟ್ಟುಕೊಂಡಿದ್ದಕ್ಕಿಂತ ಬಹಳ ಸಣ್ಣದು. ನಾನು ದಾರಿ ತಪ್ಪಿದ ಕಾಡು ಇದೇನಾ ಎಂದು ನಾಚಿಕೆಯಾಯಿತು. ಅರ್ಧ ದಾರಿ ಹತ್ತುವಷ್ಟರಲ್ಲಿ ಒಬ್ಬರಿಗೆ ಮಂಡಿನೋವು, ಇನ್ನೊಬ್ಬರಿಗೆ ಸಕ್ಕರೆ ಮಾತ್ರೆಯ ಹೊತ್ತು. ಹತ್ತೊಂಬತ್ತು ಜನರಲ್ಲಿ ಒಬ್ಬರಿಗೂ ಬೋಲೈನ್ ಗಂಟು ಬರಲಿಲ್ಲ. ಶಿಬಿರಾಗ್ನಿಗೆ ಕಟ್ಟಿಗೆ ಹೊತ್ತಿಕೊಳ್ಳದೆ ಕೊನೆಗೆ ಡ್ರೈವರ್ ಡೀಸೆಲ್ ತಂದು ಸುರಿದ. ನಕ್ಕೆವು, ಹಾಡಿದೆವು. ತೀರಿಕೊಂಡ ಇಬ್ಬರಿಗಾಗಿ ಎರಡು ನಿಮಿಷ ಮೌನವಾಗಿ ನಿಂತೆವು. ಸಂತೋಷದ ದಿನವೇ ಅದು, ಸುಳ್ಳು ಹೇಳಬಾರದು.

ಸಂಜೆ ಚಹಾಕ್ಕೆ ಖಾರ ಮಂಡಕ್ಕಿ, ಮೆಣಸಿನಕಾಯಿ ಬಂತು. ಮಂಡಕ್ಕಿ ಕೈಗೆ ಬಂದಾಗಲೇ, ಇಲ್ಲಿ ನಮ್ಮ ಲೀಡರ್ ಇಲ್ಲವಲ್ಲ ಎಂದು ನನಗೆ ಹೊಳೆದದ್ದು. ಬೆಳಿಗ್ಗೆಯಿಂದ ಹೊಳೆದಿರಲಿಲ್ಲ! ಅವನಿಗೆ ತಿಳಿಸಿರಲಿಲ್ಲವೇ ಎಂದು ಕೇಳಿದೆ. ಪಟ್ಟಿ ಮಾಡಿದವರು ಯಾವ ಕೆಟ್ಟ ಮನಸ್ಸೂ ಇಲ್ಲದೆ ಹೇಳಿದರು: "ನಾನು ಎಸ್ಸೆಸ್ಸೆಲ್ಸಿ ಬ್ಯಾಚುಗಳ ಗ್ರೂಪ್ ಫೋಟೋ ನೋಡಿ ಹೆಸರು ಹುಡುಕಿದೆ ಸರ್. ಅವರು ಅದರಲ್ಲಿ ಇರಲಿಲ್ಲ."

ಅಂದು ರಾತ್ರಿ ಮನೆಗೆ ಬಂದು ಲೆಕ್ಕ ಹಾಕಿದೆ. ನಮ್ಮ ಉರ್ದು ಶಾಲೆಯಿಂದ ಕೊಂಡಜ್ಜಿಗೆ ಹೋದವರು ಏಳು ಜನ. ಪಟ್ಟಿಯಲ್ಲಿದ್ದವರು ಇಬ್ಬರು. ಉಳಿದ ಐವರೂ ಜೀವಂತವಾಗಿದ್ದಾರೆ, ಐವರೂ ಇದೇ ಊರಿನಲ್ಲಿದ್ದಾರೆ. ಎಸ್ಸೆಸ್ಸೆಲ್ಸಿ ಫೋಟೋದಲ್ಲಿ ಮಾತ್ರ ಇಲ್ಲ. ಬೇರೆ ಮೂರು ಶಾಲೆಗಳವರಲ್ಲಿ ಹೀಗೆ ಬಿಟ್ಟುಹೋದವರು ತೀರ ಕಡಿಮೆ.

ನಮ್ಮ ಶಾಲೆಯ ಲೆಕ್ಕ ನಮ್ಮದಷ್ಟೇ ಎಂದುಕೊಳ್ಳಬೇಡಿ. 2006ರಲ್ಲಿ ಸಾಚಾರ್ ಸಮಿತಿಯ ವರದಿ ಬಂತು. ಆರರಿಂದ ಹದಿನಾಲ್ಕು ವರ್ಷದ ಮುಸ್ಲಿಂ ಮಕ್ಕಳಲ್ಲಿ ಶೇಕಡಾ 25ರಷ್ಟು ಮಂದಿ ಒಂದೋ ಶಾಲೆಯ ಮೆಟ್ಟಿಲು ಹತ್ತಿಲ್ಲ, ಇಲ್ಲವೇ ನಡುವೆ ಬಿಟ್ಟಿದ್ದಾರೆ ಎಂದು ಅದು ಹೇಳಿತು. ಆ ವರದಿಯ ಮೇಲೆ ನಾನೇ ಎರಡು ಕಡೆ ಉಪನ್ಯಾಸ ಕೊಟ್ಟಿದ್ದೆ. ಕೊಡುವಾಗ ಭಟ್ಟಿಯ ಮುಂದಿನ ದಾರಿ ನೆನಪಾಗಲಿಲ್ಲ.

ಮರುವಾರ ಹೋದೆ. ಅದೇ ಓಣಿ. ಅವನೀಗ ಇನ್ನೊಬ್ಬರ ಭಟ್ಟಿಯಲ್ಲಿ ಹಿರಿಯ ಹುರಿಯುವವನು. ನನ್ನನ್ನು ಗುರುತಿಸಲು ಅವನಿಗೆ ಒಂದು ಕ್ಷಣವೂ ಬೇಕಾಗಲಿಲ್ಲ. ಆದರೆ ಚಿಕ್ಕಂದಿನಿಂದ "ತೂ" ಎನ್ನುತ್ತಿದ್ದವನು ಅಂದು "ಆಪ್" ಎಂದ. ಮನೆಮಾತು ಉರ್ದುವಾಗಿರುವವರಿಗೆ ಆ ಒಂದು ಪದ ಎಲ್ಲಿ ತಾಗುತ್ತದೆಂದು ಗೊತ್ತು. ಬಲಗೈಯಲ್ಲಿ ಜರಡಿ ಇತ್ತು. ಅದಕ್ಕೋ ಏನೋ, ಎಡಗೈ ಚಾಚಿದ.

ಕೊಂಡಜ್ಜಿಯ ಫೋಟೋಗಳನ್ನು ಮೊಬೈಲಿನಲ್ಲಿ ತೋರಿಸಿದೆ. ಒಬ್ಬೊಬ್ಬರನ್ನೂ ಹೆಸರು ಹಿಡಿದು ಹೇಳಿದ, ನನಗೆ ಮರೆತುಹೋದವರನ್ನೂ. ಶಿಬಿರಾಗ್ನಿಯ ಚಿತ್ರ ನೋಡಿ "ಕಟ್ಟಿಗೆ ಜೋಡಿಸಿದ್ದು ಸರಿಯಿಲ್ಲ" ಎಂದ. ನಾನು ಕ್ಷಮೆ ಕೇಳಲು ಹೋದರೆ ಮಾತು ಬೇರೆ ಕಡೆಗೆ ತಿರುಗಿಸಿದ. ಕಡೆಗೆ ಕೇಳಿದ: "ನಂದು ಬಿಡು. ಮಗ ಒಂಬತ್ತಕ್ಕೆ ಬಿಟ್ಟ, ಗ್ಯಾರೇಜಿಗೆ ಹೋಗ್ತಾನೆ. ಹದಿನಾರು ವರ್ಷ. ಅವನಿಗೆ ಏನಾದ್ರೂ ಆಗ್ತದಾ?" ಅಷ್ಟು ಹೊತ್ತಿಗೆ "ಆಪ್" ಹೋಗಿತ್ತು.

ಆಗುತ್ತದೆ. ಇದನ್ನು ಇಲ್ಲಿರುವ ಪಾಲಕರು ದಯವಿಟ್ಟು ಗಮನಿಸಬೇಕು. ರಾಷ್ಟ್ರೀಯ ಮುಕ್ತ ಶಾಲಾ ಸಂಸ್ಥೆಯಲ್ಲಿ ಹದಿನಾಲ್ಕು ತುಂಬಿದ ಯಾರೂ ಹತ್ತನೇ ತರಗತಿಗೆ ಹೆಸರು ನೋಂದಾಯಿಸಬಹುದು. ಮೇಲಿನ ವಯೋಮಿತಿ ಇಲ್ಲ. ಉರ್ದುವಿನಲ್ಲೂ ಬರೆಯಬಹುದು. ಐದು ವಿಷಯ ಪಾಸಾದರೆ ಸಾಕು, ಎಲ್ಲವನ್ನೂ ಒಂದೇ ಸಲ ಕಟ್ಟಬೇಕಿಲ್ಲ. ವರ್ಷಕ್ಕೆ ಎರಡು ಪರೀಕ್ಷೆ, ನೋಂದಣಿ ಐದು ವರ್ಷ ಚಾಲ್ತಿಯಲ್ಲಿರುತ್ತದೆ. ಆ ಹುಡುಗ ಗ್ಯಾರೇಜು ಬಿಡದೆಯೇ ಓದಿ ಮೂರು ವಿಷಯ ಪಾಸು ಮಾಡಿದ್ದಾನೆ. ಗಣಿತ, ಇಂಗ್ಲಿಷ್ ಬಾಕಿ. ಗಣಿತ ನಾನೇ ಹೇಳಿಕೊಡುತ್ತಿದ್ದೇನೆ, ಪಾಸಾಗುತ್ತಾನೆಂದು ಭರವಸೆ ಕೊಡಲಾರೆ.

ಸಂಘದ ಪದಾಧಿಕಾರಿಗಳಲ್ಲಿ ನನ್ನದೊಂದು ಅರಿಕೆ. ಶೇಕಡಾ 85ಕ್ಕಿಂತ ಹೆಚ್ಚು ಅಂಕ ಪಡೆದವರ ಪಟ್ಟಿ ನಿಮ್ಮಲ್ಲಿದೆ, ಇಂದು ಅವರಿಗೆ ಬಹುಮಾನ ಕೊಟ್ಟಿರಿ, ಬಹಳ ಸಂತೋಷ. ಬಿಟ್ಟವರ ಪಟ್ಟಿ ಯಾರ ಬಳಿ ಇದೆ? ಶಿಕ್ಷಣ ಹಕ್ಕು ಕಾಯ್ದೆ 2010ರ ಏಪ್ರಿಲ್‌ನಲ್ಲಿ ಜಾರಿಯಾಗಿ ಎಂಟನೇ ತರಗತಿಯವರೆಗೆ ಶಿಕ್ಷಣ ಮಕ್ಕಳ ಹಕ್ಕಾಗಿದೆ. ಸಂದಿ ಈಗ ಎಂಟರಿಂದ ಒಂಬತ್ತಕ್ಕೆ ಜರುಗಿದೆ ಅಷ್ಟೇ. ಇತ್ತ 2022ರಲ್ಲಿ ಕೇಂದ್ರ ಸರ್ಕಾರ ಅಲ್ಪಸಂಖ್ಯಾತ ಮಕ್ಕಳ ಮೆಟ್ರಿಕ್ ಪೂರ್ವ ವಿದ್ಯಾರ್ಥಿವೇತನವನ್ನು ಒಂಬತ್ತು, ಹತ್ತಕ್ಕೆ ಸೀಮಿತ ಮಾಡಿತು. ಆದ್ದರಿಂದ ಪ್ರತಿ ಜೂನ್ ಮೊದಲ ವಾರ ನಮ್ಮ ಓಣಿಯ ಎರಡು ಮೂರು ಶಾಲೆಗಳಿಂದ ಹೆಸರು ತರಿಸಿ, ಯಾರು ಮುಂದಿನ ಶಾಲೆ ಸೇರಿಲ್ಲವೋ ಅವರ ಮನೆಗೆ ಹೋಗೋಣ. ವಿದ್ಯಾರ್ಥಿಗಳೇ, ಈ ಕೆಲಸಕ್ಕೆ ನಮಗಿಂತ ನೀವೇ ಸೂಕ್ತ. ನಿಮ್ಮ ಪಕ್ಕದ ಬೆಂಚು ಯಾವಾಗ ಖಾಲಿಯಾಯಿತೆಂದು ಮೊದಲು ತಿಳಿಯುವುದು ನಿಮಗೆ. ಇಸ್ತ್ರಿ ಅಂಗಿಯಲ್ಲೇ ಹೋಗಿ, ತೊಂದರೆಯಿಲ್ಲ.

ಬರುವ ಏಪ್ರಿಲ್‌ನಲ್ಲಿ ಸಂಘದ ಮಕ್ಕಳನ್ನು ಎರಡು ದಿನ ಕೊಂಡಜ್ಜಿಗೆ ಕರೆದೊಯ್ಯುವ ವಿಚಾರವಿದೆ, ಅಧ್ಯಕ್ಷರು ಒಪ್ಪಿದ್ದಾರೆ. ಶುಲ್ಕ ಕಟ್ಟಲಾಗದವರ ಹೆಸರು ಎಲ್ಲಿಯೂ ಬರೆಯುವುದಿಲ್ಲ. ಗಂಟು ಹಾಕುವುದು, ಒಲೆ ಹೊತ್ತಿಸುವುದು ಕಲಿಸಲು ಬಾ ಎಂದು ನನ್ನ ಗೆಳೆಯನನ್ನು ಕೇಳಿದ್ದೇನೆ. ಭಾನುವಾರ ಭಟ್ಟಿಯಲ್ಲಿ ಕೆಲಸ ಜಾಸ್ತಿ, ಆಗುವುದಿಲ್ಲ, ಶುಕ್ರವಾರ ಜುಮಾ ಮುಗಿದ ಮೇಲೆ ಹೊರಡುವುದಾದರೆ ನೋಡೋಣ ಎಂದಿದ್ದಾನೆ. ಹಾಗಾಗಿ ಶಿಬಿರ ಶುಕ್ರವಾರ ಮಧ್ಯಾಹ್ನ ಹೊರಡುತ್ತದೆ. ಹೆಸರು ಕೊಡುವವರು ಕಾರ್ಯದರ್ಶಿಗಳ ಬಳಿ ಕೊಡಿ.