ಬಾಡಿಗೆ ಬೆಂಗಳೂರಲ್ಲಿ, ಓಟು ಊರಲ್ಲಿ



2024ರ ಲೋಕಸಭಾ ಚುನಾವಣೆಯಲ್ಲಿ ಏಪ್ರಿಲ್ 26ರಂದು ಮಂಡ್ಯದಲ್ಲಿ ಶೇ 81ಕ್ಕೂ ಹೆಚ್ಚು ಮತದಾನವಾಯಿತು. ಅದೇ ದಿನ ಬೆಂಗಳೂರು ದಕ್ಷಿಣದಲ್ಲಿ ಆದದ್ದು ಶೇ 53. ಅಂದು ಶುಕ್ರವಾರ. ‘ಹುಡುಗರು ಓಟು ಬಿಟ್ಟು ಟ್ರಿಪ್ ಹೋದರು’ ಎಂದು ಬೈದವರು ಬಹಳ. ಹಾಗೆ ಹೋದವರೂ ಇದ್ದಾರೆ, ಅದು ತಪ್ಪೇ. ಆದರೆ ಬೈದರೆ ಮುಗಿಯುವ ಸಂಗತಿ ಇದಲ್ಲ.

ಕಲಬುರಗಿಯಿಂದ ಬಂದು ಇಲ್ಲಿ ಪಿ.ಜಿ.ಯಲ್ಲಿರುವ ಹುಡುಗನನ್ನು ನೆನೆಯಿರಿ. ಬೆಂಗಳೂರಿಗೆ ರಜೆ ಸಿಕ್ಕಿದ್ದು ಏಪ್ರಿಲ್ 26ಕ್ಕೆ. ಅವನ ಊರಿನ ಮತದಾನ ಮೇ 7, ಮಂಗಳವಾರ. ರಾತ್ರಿ ಬಸ್ಸು ಹತ್ತಿ ಹೋಗಿ, ಮತ್ತೆ ರಾತ್ರಿ ಬಸ್ಸು ಹಿಡಿದು ಬರಬೇಕು. ದುಡಿದು, ಬಾಡಿಗೆ ಕಟ್ಟಿ ಬದುಕುವ ಈ ಊರಿನ ಪಟ್ಟಿಯಲ್ಲಿ ಅವನ ಹೆಸರೇ ಇಲ್ಲ. ಇನ್ನೊಂದು ಕಡೆ, ಮನೆ ಬಿಟ್ಟು ಹೋದವರ ಹೆಸರು ಹಳೆಯ ಮತಗಟ್ಟೆಯಲ್ಲೇ ಉಳಿದು ನಗರದ ಶೇಕಡಾ ಲೆಕ್ಕವನ್ನು ಇಳಿಸುತ್ತದೆ.

ಸಂವಿಧಾನದ 61ನೇ ತಿದ್ದುಪಡಿ 1989ರಲ್ಲಿ ಜಾರಿಗೆ ಬಂದು ಮತದಾನದ ವಯಸ್ಸನ್ನು 21ರಿಂದ 18ಕ್ಕೆ ಇಳಿಸಿತು. ಹದಿನೆಂಟಕ್ಕೇ ಊರು ಬಿಡುವ ಪೀಳಿಗೆಗೆ ಆ ಹಕ್ಕಿನ ಜೊತೆ ವಿಳಾಸವೂ ಬೇಕಲ್ಲವೇ? ದಾರಿ ಇದೆ. ಹೊಸಬರಿಗೆ ನಮೂನೆ 6, ಮನೆ ಬದಲಿಸಿದವರಿಗೆ ನಮೂನೆ 8. ಮೊಬೈಲಿನಲ್ಲೇ ಅರ್ಜಿ ಹಾಕಬಹುದು. ಹದಿನೇಳು ತುಂಬಿದವರು ಮುಂಗಡವಾಗಿಯೇ ಅರ್ಜಿ ಕೊಡಬಹುದು. ಮೊದಲು ಜನವರಿ 1 ಒಂದೇ ಅರ್ಹತಾ ದಿನವಾಗಿತ್ತು. ಈಗ ವರ್ಷಕ್ಕೆ ನಾಲ್ಕಿವೆ. ಹಾಸ್ಟೆಲ್ ವಿದ್ಯಾರ್ಥಿಗಳು ಓದುವ ಊರಿನಲ್ಲೇ ಹೆಸರು ಸೇರಿಸಬಹುದು ಎಂಬುದನ್ನು ಅವರಿಗೆ ಯಾರೂ ಹೇಳುತ್ತಿಲ್ಲ.

ನನ್ನನ್ನು ಹೆಚ್ಚು ಕಾಡುವುದು ಇನ್ನೊಂದು. ಓಟು ರೂಢಿಯಾಗುವುದು ವಾರ್ಡಿನ ಚುನಾವಣೆಯಲ್ಲಿ, ಕಸ, ನೀರು, ರಸ್ತೆಗುಂಡಿಯ ವಿಷಯದಲ್ಲಿ. ಬೆಂಗಳೂರು ಪಾಲಿಕೆಗೆ 2015ರಲ್ಲಿ ಚುನಾವಣೆ ನಡೆಯಿತು. 2020ರ ಸೆಪ್ಟೆಂಬರಿನಲ್ಲಿ ಅವಧಿ ಮುಗಿಯಿತು. ಆಮೇಲೆ ಐದು ವರ್ಷ ಕಳೆದರೂ ಚುನಾವಣೆ ನಡೆಯಲಿಲ್ಲ. ಆ ವರ್ಷಗಳಲ್ಲಿ ಹದಿನೆಂಟು ತುಂಬಿದವರು ತಮ್ಮ ಬೀದಿಯ ಕಾರ್ಪೊರೇಟರನ್ನು ಆರಿಸುವ ಅವಕಾಶವನ್ನೇ ಕಾಣಲಿಲ್ಲ. ರಾಜ್ಯದ ಕಾಲೇಜುಗಳಲ್ಲೂ ವಿದ್ಯಾರ್ಥಿ ಸಂಘದ ನೇರ ಚುನಾವಣೆ ದಶಕಗಳ ಹಿಂದೆಯೇ ನಿಂತಿತು. ಅಭ್ಯಾಸಕ್ಕೆ ಅವಕಾಶ ಕೊಡದೆ ನಿರಾಸಕ್ತಿ ಎನ್ನುವುದು ಅನ್ಯಾಯ.

ಪ್ರಾಂಶುಪಾಲರು ದಾಖಲಾತಿಯ ದಿನವೇ ನಮೂನೆ 6 ತುಂಬಿಸಲಿ. ಪಿ.ಜಿ. ಮಾಲೀಕರು ವಿಳಾಸದ ದಾಖಲೆ ಕೊಡಲು ಹಿಂಜರಿಯದಿರಲಿ. ಇಲ್ಲಿರುವ ಯುವಕ ಯುವತಿಯರೇ, ಇವತ್ತು ರಾತ್ರಿ ಮಲಗುವ ಮುನ್ನ ನಿಮ್ಮ ಹೆಸರು ಯಾವ ಮತಗಟ್ಟೆಯಲ್ಲಿದೆ ಎಂದು ನೋಡಿಕೊಳ್ಳಿ. ಇಲ್ಲದಿದ್ದರೆ ಆಗಲೇ ಅರ್ಜಿ ಹಾಕಿ.