ಕಾಯಕಕ್ಕೆ ಸಾಕ್ಷಿ



ಸತ್ಯಶುದ್ಧ ಕಾಯಕದಿಂದ ಬಂದುದೇ ದಾಸೋಹಕ್ಕೆ ಯೋಗ್ಯವೆಂಬುದು ಶರಣರ ಮತವು. ಆದರೆ ಬೆಳೆದವನ ಶುದ್ಧತೆಯನ್ನು ಕಡಲಾಚೆಯ ಗಿರಾಕಿಯು ಅರಿಯುವುದೆಂತು? ಇದಕ್ಕಾಗಿಯೇ ಮುದ್ರೆಗಳು ಹುಟ್ಟಿದವು. ಮೆಕ್ಸಿಕೋ ದೇಶದ ಬಡ ಕಾಫಿ ಬೆಳೆಗಾರರಿಗೆ ನ್ಯಾಯವಾದ ಬೆಲೆಯು ದೊರೆಯಲೆಂದು 1988ರಲ್ಲಿ ಹಾಲೆಂಡಿನಲ್ಲಿ ‘ಮ್ಯಾಕ್ಸ್ ಹಾವೆಲಾರ್’ ಮುದ್ರೆಯು ಹೊರಟಿತು. ನಮ್ಮಲ್ಲಿಯೂ 2001ರಿಂದ ಸಾವಯವ ಬೆಳೆಗಳಿಗೆ ಪ್ರಮಾಣಪತ್ರದ ಏರ್ಪಾಡಿರುವುದು.

ಆದರೆ ಮುದ್ರೆಯು ಪುಕ್ಕಟೆಯಾಗಿ ಬರುವುದಿಲ್ಲ. ತಪಾಸಣೆಯ ಶುಲ್ಕ, ಲೆಕ್ಕಪತ್ರ, ಭೂಮಿಯ ಪರಿವರ್ತನೆಗೆ ಎರಡು ಮೂರು ವರ್ಷಗಳ ಕಾಯುವಿಕೆ, ಇವೆಲ್ಲವೂ ರೈತನ ಹೆಗಲಿಗೆ ಬೀಳುವುವು. ಆ ಅವಧಿಯಲ್ಲಿ ಇಳುವರಿಯು ಕುಗ್ಗಬಹುದು. ಮುದ್ರೆಯ ಪೂರ್ಣ ಬೆಲೆಯಂತೂ ಸಿಕ್ಕದು. ಎರಡೆಕರೆಯ ರೈತನು ಶುದ್ಧವಾಗಿ ಬೆಳೆದರೂ ಸಾಕ್ಷಿಯ ವೆಚ್ಚವನ್ನು ತೆರಲಾರದೆ ಹೊರಗುಳಿಯುವನು, ಧನವಂತನು ಒಳಹೊಗುವನು. ಬಡವನಿಗಾಗಿ ಹುಟ್ಟಿದ ಮುದ್ರೆಯು ಬಡವನಿಗೇ ಬಾಗಿಲು ಮುಚ್ಚುವುದು ನ್ಯಾಯವೇ?

ಸಣ್ಣ ರೈತರು ಗುಂಪುಗೂಡಿ ಒಂದೇ ಪ್ರಮಾಣಪತ್ರವನ್ನು ಪಡೆದರೆ ವೆಚ್ಚವು ಹಂಚಿಹೋಗುವುದು. ರೈತರೇ ಒಬ್ಬರ ಹೊಲವನ್ನೊಬ್ಬರು ಪರೀಕ್ಷಿಸಿ ಹೊಣೆ ಹೊರುವ ‘ಪಿ.ಜಿ.ಎಸ್.’ ಪದ್ಧತಿಯೂ ಇರುವುದು. ಅದು ದೇಶದೊಳಗಣ ಮಾರಾಟಕ್ಕೆ ಸಾಕು. ಪರದೇಶಕ್ಕೆ ಕಳುಹಲು ಸಾಲದು. ಆದುದರಿಂದ ಭಕ್ತರು ಊರೂರುಗಳಲ್ಲಿ ಇಂತಹ ಗುಂಪುಗಳನ್ನು ಕಟ್ಟಲಿ. ದಾಸೋಹದ ಧಾನ್ಯವನ್ನು ಅವರಿಂದಲೇ ಕೊಳ್ಳಲಿ. ಶುದ್ಧಿಯನ್ನು ಬಯಸುವವರು ಅದರ ಸಾಕ್ಷಿಯ ಭಾರದಲ್ಲಿಯೂ ಪಾಲುಗೊಳ್ಳತಕ್ಕದ್ದು.