ವಿದೇಶಕ್ಕೆ ಹೊರಟಾಗ ಸಿಮ್ ತೆಗೆದಿಡಬೇಡಿ

ವಿಡಿಯೋ ನೋಡೋಕೆ ಪುರುಸೊತ್ತಿಲ್ಲದವರಿಗೆ, ಲೋಕಲ್ ಟ್ರೈನಿನ ಗದ್ದಲದಲ್ಲಿ ಏನೂ ಕೇಳಿಸದವರಿಗೆ, ಎಂದಿನ ಹಾಗೆ ಮಾತಿನ ಬರಹರೂಪ ಇದು. ಮಾತಾಡಿದ ಹಾಗೇ ಇಟ್ಟಿದ್ದೀನಿ, ನಡುವಿನ 'ಅಂದ್ರೆ, ಅಂದ್ರೆ'ಗಳನ್ನು ಮಾತ್ರ ಸ್ವಲ್ಪ ಕಡಿಮೆ ಮಾಡಿದ್ದೀನಿ.

ನಮ್ಮ ಟೀಮಿನಲ್ಲಿ ಮೂರು ಜನ ಆನ್‌ಸೈಟ್ ಹೊರಟಿದ್ದಾರೆ. ಮೂರೂ ಜನ ನನ್ನ ಹತ್ತಿರ ಬಂದು ಕೇಳಿದ್ದು ಒಂದೇ ಪ್ರಶ್ನೆ: ಅಲ್ಲಿ ಡೇಟಾಕ್ಕೆ ಏನು ಮಾಡ್ಲಿ, ಯಾವ ಪ್ಯಾಕ್ ಹಾಕಿಸ್ಲಿ? ನಾನು ಹೇಳಿದೆ, ಡೇಟಾ ಬಗ್ಗೆ ತಲೆ ಕೆಡಿಸ್ಕೋಬೇಡಿ. ದುಡ್ಡು ಕೊಟ್ರೆ ಏರ್‌ಪೋರ್ಟಿನಲ್ಲೇ ಸಿಗುತ್ತೆ, ಹೋಟೆಲಿನ ವೈಫೈ ಇರುತ್ತೆ. ನಿಮ್ಮ ಇಲ್ಲಿನ ನಂಬರ್ ಏನಾಗುತ್ತೆ ಅಂತ ಯೋಚಿಸಿದ್ದೀರಾ? ಮೂವರೂ ಸುಮ್ಮನಾದರು. 2019ರ ನವೆಂಬರ್‌ನಲ್ಲಿ ನಾನೂ ಯೋಚಿಸಿರಲಿಲ್ಲ.

ಆಗ ನನಗೆ ಮದುವೆ ಆಗಿರಲಿಲ್ಲ. ದಾದರ್‌ನಲ್ಲಿ ಇಬ್ಬರು ರೂಮ್‌ಮೇಟ್‌ಗಳ ಜೊತೆ ಇದ್ದೆ. ಕಂಪನಿ ಮೂರು ವಾರಕ್ಕೆ ಜರ್ಮನಿಯ ಸ್ಟುಟ್‌ಗಾರ್ಟ್‌ಗೆ ಕಳಿಸಿತು. ಹೋದ ಎರಡನೇ ದಿನ ಅಲ್ಲಿನ ಸಿಮ್ ತಗೊಂಡೆ. ನನ್ನ ಫೋನಿನಲ್ಲಿ ಎರಡನೇ ಜಾಗದಲ್ಲಿ ಮೆಮೊರಿ ಕಾರ್ಡ್ ಇತ್ತು. ಅದನ್ನು ತೆಗೆಯೋ ಬದಲು ಬುದ್ಧಿವಂತನ ಹಾಗೆ ಇಂಡಿಯಾದ ಸಿಮ್ ತೆಗೆದು ಪರ್ಸಿನ ಚಿಲ್ಲರೆ ಜೇಬಿಗೆ ಹಾಕಿದೆ. ವಾಟ್ಸ್ಆ್ಯಪ್ ಹಳೇ ನಂಬರಿನಲ್ಲೇ ನಡೀತಾ ಇತ್ತಲ್ಲ, ಇನ್ನೇನು ಬೇಕು ಅಂತ.

ಎಂಟು ದಿನ ಎಲ್ಲ ಸರಿಯಾಗಿತ್ತು. ಒಂಬತ್ತನೇ ದಿನ ಬೆಳಗಿನ ಜಾವ ಊರಿನಲ್ಲಿ, ಕುಂದಾಪುರದ ಹತ್ತಿರ ನಮ್ಮ ಮನೆ, ಅಪ್ಪನಿಗೆ ಎದೆನೋವು ಬಂತು. ಪಕ್ಕದ ಮನೆಯವರ ಕಾರಿನಲ್ಲಿ ಉಡುಪಿಗೆ ಕರ್ಕೊಂಡು ಹೋದ್ರು. ಗಡಿಬಿಡಿಯಲ್ಲಿ ಅಮ್ಮ ಮೊಬೈಲ್ ಮನೆಯಲ್ಲೇ ಬಿಟ್ಟು ಹೋಗಿದ್ದಾಳೆ. ಅವಳಿಗೆ ಬಾಯಿಪಾಠ ಇರೋದು ಒಂದೇ ನಂಬರು, ನನ್ನದು. ಸುರತ್ಕಲ್‌ನಲ್ಲಿ ಎಂಟೆಕ್ ಓದುವಾಗ ತಗೊಂಡ ನಂಬರ್. ಆಸ್ಪತ್ರೆಯ ಕೌಂಟರಿನ ಫೋನಿನಿಂದ ಆರು ಸಲ ಮಾಡಿದ್ದಾಳೆ. ಆರು ಸಲವೂ 'ಸ್ವಿಚ್ ಆಫ್ ಆಗಿದೆ'. ನಮ್ಮಲ್ಲಿ ಐದು ಗಂಟೆ ಅಂದ್ರೆ ಅಲ್ಲಿ ರಾತ್ರಿ ಹನ್ನೆರಡೂವರೆ. ನಾನು ಎಚ್ಚರವಾಗೇ ಇದ್ದೆ, ಯಾವುದೋ ವೆಬ್ ಸೀರೀಸ್ ನೋಡ್ತಾ ಇದ್ದೆ.

ವಿಷಯ ಗೊತ್ತಾಗಿದ್ದು ಬೆಳಿಗ್ಗೆ, ಚಿಕ್ಕಪ್ಪನ ಮಗನ ವಾಟ್ಸ್ಆ್ಯಪ್ ಮೆಸೇಜಿನಿಂದ. ಆ್ಯಂಜಿಯೋಪ್ಲಾಸ್ಟಿ ಆಗಬೇಕು, ಮುಂಗಡ ಕಟ್ಟಬೇಕು. ಖಾತೆಯಲ್ಲಿ ದುಡ್ಡು ಇತ್ತು. ಅವನ ಖಾತೆಯನ್ನು ಹೊಸದಾಗಿ ಸೇರಿಸೋಕೆ ಹೋದರೆ ಓಟಿಪಿ ಕೇಳ್ತು. ಓಟಿಪಿ ಹೋಗೋದು ಸಿಮ್‌ಗೆ. ಸಿಮ್ ಚಿಲ್ಲರೆ ಜೇಬಿನಲ್ಲಿ ಇರಲಿಲ್ಲ! ಯಾವ ಬೇಕರಿಯಲ್ಲಿ ಯಾವ ನಾಣ್ಯದ ಜೊತೆ ಕೊಟ್ಟುಬಿಟ್ಟೆನೋ ಅಂತ ಹೋಟೆಲ್ ರೂಮಿನ ಕಾರ್ಪೆಟ್ ಮೇಲೆ ಮಂಡಿಯೂರಿ ಹುಡುಕಿದ್ದು ಇವತ್ತಿಗೂ ನೆನಪಿದೆ. ದುಡ್ಡು ಕಟ್ಟಿದ್ದು ಅದೇ ಚಿಕ್ಕಪ್ಪನ ಮಗ, ತನ್ನ ಬೈಕಿಗೆ ಅಂತ ಇಟ್ಟಿದ್ದರಲ್ಲಿ. ಸಿಮ್ ನಾಲ್ಕು ದಿನ ಆದ್ಮೇಲೆ ಜಾಕೆಟ್ಟಿನ ಒಳಗಿನ ಹರಿದ ಜೇಬಿನಲ್ಲಿ ಸಿಕ್ತು.

ಅಪ್ಪ ಈಗ ಚೆನ್ನಾಗಿದ್ದಾರೆ. ಈ ವಿಡಿಯೋನೂ ನೋಡ್ತಾರೆ, 'ಅದನ್ನೆಲ್ಲ ಯಾಕೆ ಹೇಳ್ತೀಯ' ಅಂತ ಬೈತಾರೆ. ಅಮ್ಮ ಬೈಯಲಿಲ್ಲ. ಆಮೇಲೆ ಫೋನಿನಲ್ಲಿ ಸಿಕ್ಕಾಗ, 'ನೀನು ಎತ್ತಲಿಲ್ಲ' ಅನ್ನಲಿಲ್ಲ, 'ನಿನ್ನ ನಂಬರೇ ಇರಲಿಲ್ಲ ಕಣೋ' ಅಂದಳು.

ಈಗ ಸ್ವಲ್ಪ ತಾಂತ್ರಿಕ ವಿಷಯ. ನಮ್ಮ ಹಿಂದಿನ ತಲೆಮಾರಿನವರು ದಕ್ಷಿಣ ಕನ್ನಡದಿಂದ ಬಂದು ಮಾಟುಂಗ, ದಾದರ್ ಕಡೆಯ ಉಡುಪಿ ಹೋಟೆಲ್‌ಗಳಲ್ಲಿ ಕೆಲಸಕ್ಕೆ ಸೇರ್ತಿದ್ದರಲ್ಲ, ಅವರಿಗೆ ಸ್ವಂತ ವಿಳಾಸ ಇರ್ತಿರಲಿಲ್ಲ. ಕಾಗದ ಬರ್ತಿದ್ದದ್ದು 'ಕೇರ್ ಆಫ್' ಇಂಥ ಹೋಟೆಲ್ ಅಂತ. ಊರಿನ ಪೋಸ್ಟ್‌ಮ್ಯಾನ್‌ಗೆ ಹುಡುಗ ಈಗ ಎಲ್ಲಿದ್ದಾನೆ ಅಂತ ಗೊತ್ತು. ಊರಿನ ವಿಳಾಸಕ್ಕೆ ಬಂದ ಕಾಗದವನ್ನೂ ಅವನು ಹೊಸ ವಿಳಾಸ ಬರೆದು ಮುಂದಕ್ಕೆ ಕಳಿಸ್ತಿದ್ದ. ರೋಮಿಂಗ್ ಅಂದ್ರೆ ಇಷ್ಟೇ. ನೀವು ಫ್ರಾಂಕ್‌ಫರ್ಟ್‌ನಲ್ಲಿ ಇಳಿದು ಏರೋಪ್ಲೇನ್ ಮೋಡ್ ತೆಗೆದ ತಕ್ಷಣ, ನಿಮ್ಮ ಸಿಮ್ ತನ್ನ ಒಳಗಿನ 15 ಅಂಕಿಯ ಗುರುತು ಹೇಳುತ್ತೆ. ಅದು 404 ಅಥವಾ 405ರಿಂದ ಶುರುವಾದರೆ ಇವನು ಭಾರತದವನು ಅಂತ ಅರ್ಥ. ಅಲ್ಲಿನ ಕಂಪನಿ ಇಲ್ಲಿನ ಕಂಪನಿಯನ್ನು ಕೇಳುತ್ತೆ, 'ಇವನು ನಿಮ್ಮವನಾ, ಒಳಗೆ ಬಿಡ್ಲಾ?' ಅಂತ. ಇಲ್ಲಿನವರು ಹೂಂ ಅಂದು, ತಮ್ಮ ಪುಸ್ತಕದಲ್ಲಿ 'ಕೇರ್ ಆಫ್ ಜರ್ಮನಿ' ಅಂತ ಬರ್ಕೋತಾರೆ. ಆ ಪುಸ್ತಕದ ಹೆಸರು ಹೋಮ್ ಲೊಕೇಶನ್ ರಿಜಿಸ್ಟರ್. 4ಜಿಯಲ್ಲಿ ಹೆಸರು ಬೇರೆ, ಕೆಲಸ ಅದೇ.

ಇದರಿಂದ ಎರಡು ವಿಷಯ ಅರ್ಥ ಆಗುತ್ತೆ. ನಿಮಗೆ ಯಾರೋ ಕರೆ ಮಾಡಿದರೆ ಕರೆ ಮೊದಲು ಭಾರತಕ್ಕೆ ಬಂದು, ಇಲ್ಲಿಂದ ಜರ್ಮನಿಗೆ ಹೋಗುತ್ತೆ. ಆ ಎರಡನೇ ಹಾದಿಯ ಖರ್ಚು ನಿಮ್ಮದು, ಅದಕ್ಕೇ ಬಂದ ಕರೆ ಎತ್ತಿದರೂ ಬಿಲ್ ಬರೋದು. ಎಸ್ಸೆಮ್ಮೆಸ್ ಹಾಗಲ್ಲ. ಅದಕ್ಕೆ ಇಂಟರ್ನೆಟ್ ಡೇಟಾ ಬೇಡ, ನೆಟ್‌ವರ್ಕ್‌ಗಳು ಒಂದಕ್ಕೊಂದು ಸನ್ನೆ ಮಾಡಿಕೊಳ್ಳೋ ಹಾದಿಯಲ್ಲೇ ಅದೂ ಬರುತ್ತೆ. ಹಾಗಾಗಿ ಡೇಟಾ ರೋಮಿಂಗ್ ಪೂರ್ತಿ ಬಂದ್ ಮಾಡಿಟ್ಟರೂ ಓಟಿಪಿ ಬರುತ್ತೆ. ನಮ್ಮ ಕಂಪನಿಗಳು ರೋಮಿಂಗ್‌ನಲ್ಲಿ ಬರುವ ಎಸ್ಸೆಮ್ಮೆಸ್‌ಗೆ ಸಾಮಾನ್ಯವಾಗಿ ದುಡ್ಡು ತಗೊಳ್ಳೋದಿಲ್ಲ. ನಾನು ಸಿಮ್ ತೆಗೆದು ಉಳಿಸಿದ್ದು ಸೊನ್ನೆ ರೂಪಾಯಿ.

ನಮ್ಮ ವಯಸ್ಸಿನವರಿಗೆ ರೋಮಿಂಗ್ ಹೆದರಿಕೆ ಇರೋದಕ್ಕೂ ಕಾರಣ ಇದೆ. 2013ರಲ್ಲಿ ನಾನು ಮುಂಬಯಿಗೆ ಬಂದಾಗ ಕಾರವಾರ ದಾಟಿ ಗೋವಾಕ್ಕೆ ರೈಲು ಬರ್ತಿದ್ದ ಹಾಗೇ ರೋಮಿಂಗ್ ಶುರು. ಅಪ್ಪನಿಗೆ ಎರಡು ಮಿಸ್ಡ್ ಕಾಲ್ ಕೊಟ್ಟರೆ ತಲುಪಿದೆ ಅಂತ ಅರ್ಥ. 2015ರ ಜೂನ್ 15ರಿಂದ ಬಿಎಸ್‌ಎನ್‌ಎಲ್ ದೇಶದೊಳಗೆ ರೋಮಿಂಗ್‌ನಲ್ಲಿ ಬರುವ ಕರೆಗಳನ್ನು ಉಚಿತ ಮಾಡಿತು. ಅದೇ ಜುಲೈ 3ರಿಂದ ನಂಬರ್ ಉಳಿಸಿಕೊಂಡೇ ದೇಶದ ಯಾವ ವಲಯಕ್ಕಾದರೂ ಹೋಗೋ ಸೌಲಭ್ಯ ಬಂತು. ನಾನು ಕರ್ನಾಟಕದ ನಂಬರ್ ಉಳಿಸಿಕೊಂಡಿದ್ದು ಹಾಗೆ. ದೇಶದೊಳಗಿನ ಹೆದರಿಕೆ ಹೋಯ್ತು, ವಿದೇಶದ್ದು ಉಳೀತು.

ಹಾಗಾದ್ರೆ ಈಗ ನಾನೇನು ಮಾಡ್ತೀನಿ? ಇಂಡಿಯಾದ ಸಿಮ್ ಫೋನಿನಿಂದ ಹೊರಗೆ ಬರೋದೇ ಇಲ್ಲ. ಡೇಟಾಕ್ಕೆ ಇ-ಸಿಮ್, ಅದನ್ನು ಇಲ್ಲೇ ಮನೆಯ ವೈಫೈನಲ್ಲಿ ಹಾಕ್ಕೊಂಡು ಹೋಗ್ತೀನಿ. ಸೆಟ್ಟಿಂಗ್ಸ್‌ನಲ್ಲಿ ಡೇಟಾಕ್ಕೆ ಇ-ಸಿಮ್, ಕರೆಗೆ ಹಳೇ ಸಿಮ್. ಹಳೇ ಸಿಮ್‌ನ ಡೇಟಾ ರೋಮಿಂಗ್ ಬಂದ್. ಒಂದು ಸಿಮ್‌ನ ಡೇಟಾ ಸಿಗದಿದ್ದರೆ ಇನ್ನೊಂದಕ್ಕೆ ತಾನೇ ಹಾರುವ ಒಂದು ಆಯ್ಕೆ ಇರುತ್ತೆ, ಅದನ್ನೂ ಬಂದ್ ಮಾಡಿ. ನನ್ನ ಸಹೋದ್ಯೋಗಿಗೆ ಬಿಲ್ ಬಂದದ್ದು ಅಲ್ಲಿಂದಲೇ. ವಾಟ್ಸ್ಆ್ಯಪ್ 'ನಂಬರ್ ಬದಲಾಯಿಸ್ತೀರಾ' ಅಂತ ಕೇಳಿದರೆ ಬೇಡ ಅನ್ನಿ.

ಹೊರಡೋ ಮುಂಚೆ ಮುಖ್ಯವಾಗಿ ನೋಡಬೇಕಾದ್ದು, ನಿಮ್ಮ ಸಿಮ್‌ನಲ್ಲಿ ಅಂತಾರಾಷ್ಟ್ರೀಯ ರೋಮಿಂಗ್ ಚಾಲೂ ಇದೆಯಾ ಅಂತ. ಕೇಳಿ ಮಾಡಿಸಿಕೊಳ್ಳದೆ ಅದು ಚಾಲೂ ಇರೋದಿಲ್ಲ, ಅಲ್ಲಿ ಇಳಿದ ಮೇಲೆ ಮಾಡಿಸೋದು ತಲೆನೋವು. ಪ್ರೀಪೇಯ್ಡ್ ಆದರೆ ವಾಪಸ್ ಬರೋ ದಿನಕ್ಕಿಂತ ಮುಂದಿನವರೆಗೆ ರೀಚಾರ್ಜ್ ಇರಲಿ. ಮತ್ತೆ, ಸಿಮ್ ಹರಿದಿದೆ, ಸವೆದಿದೆ, ಇ-ಸಿಮ್ ಮಾಡಿಸ್ತೀನಿ ಅಂತ ವಿಮಾನ ಹತ್ತೋ ಹಿಂದಿನ ದಿನ ಬದಲಾಯಿಸೋಕೆ ಹೋಗಬೇಡಿ. ಸಿಮ್ ಬದಲಾದ ಮೇಲೆ 24 ಗಂಟೆ ಎಸ್ಸೆಮ್ಮೆಸ್ ಬಂದ್ ಇರುತ್ತೆ, ಕಳ್ಳರು ನಕಲಿ ಸಿಮ್ ತಗೊಂಡು ಖಾತೆ ಖಾಲಿ ಮಾಡಬಾರದು ಅಂತ ದೂರಸಂಪರ್ಕ ಇಲಾಖೆ ಮಾಡಿದ ನಿಯಮ. ಒಳ್ಳೆಯ ನಿಯಮವೇ, ಆದರೆ ಆ 24 ಗಂಟೆಯಲ್ಲಿ ನೀವು ಅಬುಧಾಬಿಯಲ್ಲಿ ಇರಬಾರದು. ದುಬೈ, ಅಬುಧಾಬಿ ಅಂದಾಗ ನೆನಪಾಯ್ತು, ಅಲ್ಲಿ ಸ್ಥಳೀಯ ನೆಟ್‌ವರ್ಕ್‌ನಲ್ಲಿ ವಾಟ್ಸ್ಆ್ಯಪ್ ಮೆಸೇಜ್ ಹೋಗುತ್ತೆ, ವಾಟ್ಸ್ಆ್ಯಪ್ ಕರೆ ಹೋಗಲ್ಲ. ಮನೆಯವರಿಗೆ ಮೊದಲೇ ಹೇಳಿಡಿ, ಇಲ್ಲಾಂದ್ರೆ ಗಾಬರಿ ಬೀಳ್ತಾರೆ.

ಯುಪಿಐ ಆ್ಯಪ್‌ಗಳನ್ನು ಅಲ್ಲಿ ಹೋಗಿ ಅಳಿಸಿ ಮತ್ತೆ ಹಾಕೋ ಸಾಹಸ ಬೇಡ. ಹೊಸದಾಗಿ ಹಾಕಿದಾಗ ಅದು ನಿಮ್ಮ ಸಿಮ್‌ನಿಂದಲೇ ಒಂದು ಎಸ್ಸೆಮ್ಮೆಸ್ ಹೊರಗೆ ಕಳಿಸಿ ಗುರುತು ಹಿಡಿಯುತ್ತೆ. ಬರುವ ಎಸ್ಸೆಮ್ಮೆಸ್ ಬೇರೆ, ಹೋಗುವ ಎಸ್ಸೆಮ್ಮೆಸ್ ಬೇರೆ, ಹೋಗುವುದಕ್ಕೆ ರೋಮಿಂಗ್ ದರ ಬೀಳುತ್ತೆ, ಬ್ಯಾಲೆನ್ಸ್ ಇಲ್ಲದಿದ್ದರೆ ಹೋಗೋದೇ ಇಲ್ಲ. ಊರಿನಲ್ಲಿ ಯಾರಿಗೆ ತುರ್ತಾಗಿ ದುಡ್ಡು ಕಳಿಸಬೇಕಾಗಬಹುದೋ ಅವರ ಖಾತೆಯನ್ನು ಇಲ್ಲಿಂದಲೇ ಸೇರಿಸಿ, ನೂರು ರೂಪಾಯಿ ಕಳಿಸಿ ನೋಡಿ. ನಾನು ಮೂವರನ್ನು ಸೇರಿಸಿಟ್ಟಿದ್ದೀನಿ, ಮೊದಲನೆಯವನು ಆ ಚಿಕ್ಕಪ್ಪನ ಮಗ.

ವರ್ಷಗಟ್ಟಲೆ ಹೋಗುವವರ ಕಥೆ ಬೇರೆ. 90 ದಿನ ಸಿಮ್ ಬಳಸದಿದ್ದರೆ ಕಂಪನಿ ನಂಬರನ್ನು ರದ್ದು ಮಾಡಬಹುದು. ಪ್ರೀಪೇಯ್ಡ್‌ನಲ್ಲಿ 20 ರೂಪಾಯಿ ಬ್ಯಾಲೆನ್ಸ್ ಇದ್ದರೆ ಅದನ್ನು ಕಡಿದುಕೊಂಡು ನಂಬರ್ ಉಳಿಸಬೇಕು ಅಂತ ಟ್ರಾಯ್ ನಿಯಮ ಇದೆ. ಆದರೆ ನಂಬರ್ ಉಳಿಯೋದು ಬೇರೆ, ಪ್ಯಾಕಿನ ಅವಧಿ ಮುಗಿದ ಮೇಲೆ ಓಟಿಪಿ ಬರೋದು ಬೇರೆ. ರದ್ದಾದ ನಂಬರ್ ಕೆಲವು ತಿಂಗಳ ನಂತರ ಬೇರೆ ಯಾರಿಗೋ ಹೋಗುತ್ತೆ, ನಿಮ್ಮ ಬ್ಯಾಂಕಿನ ಮೆಸೇಜ್ ಸಮೇತ. ಅಮೆರಿಕ, ಕೆನಡಾ, ಬ್ರಿಟನ್, ಯುಎಇ, ಸಿಂಗಾಪುರ ಸೇರಿ ಹತ್ತು ದೇಶಗಳ ನಂಬರಿನಲ್ಲೇ ಎನ್ಆರ್‌ಇ, ಎನ್ಆರ್‌ಒ ಖಾತೆಗಳಿಗೆ ಯುಪಿಐ ಬಳಸಲು 2023ರ ಜನವರಿಯಲ್ಲಿ ಎನ್‌ಪಿಸಿಐ ದಾರಿ ತೆರೆಯಿತು. ಅಲ್ಲಿ ನೆಲೆಸುವವರು ಖಾತೆಯನ್ನೇ ಬದಲಾಯಿಸಿಕೊಳ್ಳೋದು ಒಳ್ಳೆಯದು. ನಮ್ಮವರು ಹತ್ತು ವರ್ಷ ಆದರೂ ಮಾಡಲ್ಲ, ಅದು ಇನ್ನೊಂದು ದಿನದ ಮಾತು.

ಇಲ್ಲಿ ದಾದರ್ ಬಗ್ಗೆ ಒಂದು ಮಾತು ಹೇಳದಿದ್ದರೆ ನನಗೆ ಸಮಾಧಾನ ಇಲ್ಲ. ದಾದರ್ ಪಶ್ಚಿಮದಲ್ಲಿ, ಪ್ರಭಾದೇವಿ ಕಡೆಗೆ ಹೋಗುವಾಗ, ಕಾಶಿನಾಥ ಧುರು ಮಾರ್ಗದಲ್ಲಿ ಲೋಕಮಾನ್ಯ ವಿದೇಶ ಸಂಚಾರ ಭವನ ಅಂತ ಕಟ್ಟಡ ಇದೆ. ವಿದೇಶ ಸಂಚಾರ ನಿಗಮ, ನಮ್ಮ ಬಾಯಲ್ಲಿ ವಿಎಸ್‌ಎನ್‌ಎಲ್, ಅದರ ಕಟ್ಟಡ. 2002ರ ತನಕ ಭಾರತದ ವಿದೇಶಿ ಕರೆಗಳೆಲ್ಲ ಆ ಒಂದೇ ಸಂಸ್ಥೆಯ ಕೈಯಲ್ಲಿದ್ದವು. ಸಮುದ್ರದಡಿಯ ಕೇಬಲ್‌ಗಳು ಮೇಲೆ ಬರೋದು ಇಂಥ ತೀರಗಳಲ್ಲೇ, ಇಲ್ಲಿ ಪ್ರಭಾದೇವಿಯಲ್ಲಿ, ಆ ಕಡೆ ವರ್ಸೋವಾದಲ್ಲಿ. ಹೂವಿನ ಮಾರ್ಕೆಟ್ಟಿಗೆ ಹೋಗುವ ನಮಗೆ ಇದು ಗೊತ್ತೇ ಇರೋದಿಲ್ಲ. ನೀವು ಬರ್ಲಿನ್‌ನಲ್ಲಿ ಕೂತು ಭಾರತದ ಸಿಮ್‌ನ ಡೇಟಾದಲ್ಲಿ ಬರ್ಲಿನ್‌ನದೇ ಬಸ್ ವೇಳಾಪಟ್ಟಿ ನೋಡಿದರೂ, ಸಾಮಾನ್ಯವಾಗಿ ಆ ವಿನಂತಿ ಸಮುದ್ರ ದಾಟಿ ನಿಮ್ಮ ಕಂಪನಿಯ ಭಾರತದ ಗೇಟ್‌ವೇಗೆ ಬಂದು, ಮತ್ತೆ ಬರ್ಲಿನ್‌ಗೆ ಹೋಗಿ, ಉತ್ತರ ಅದೇ ದಾರಿಯಲ್ಲಿ ತಿರುಗಿ ಬರುತ್ತೆ. ರೋಮಿಂಗ್ ಡೇಟಾ ನಿಧಾನ ಅನ್ನಿಸೋದು ಅದಕ್ಕೇ. ಚೀನಾದಲ್ಲಿ ಅಲ್ಲಿನ ವೈಫೈನಲ್ಲಿ ತೆರೆಯದ ವಾಟ್ಸ್ಆ್ಯಪ್, ಗೂಗಲ್ ನಮ್ಮ ಸಿಮ್‌ನಲ್ಲಿ ತೆರೆಯೋದೂ ಅದಕ್ಕೇ.

ಕೊನೆಗೆ ಅಪ್ಪ-ಅಮ್ಮನ ವಿಷಯ. ಮುಂದಿನ ತಿಂಗಳು ಅವರಿಬ್ಬರೂ ತಂಗಿಯ ಬಾಣಂತನಕ್ಕೆ ಸಿಂಗಾಪುರಕ್ಕೆ ಹೊರಟಿದ್ದಾರೆ. ಅಪ್ಪ ತನ್ನ ಹಳೇ ಕೀಪ್ಯಾಡ್ ಫೋನ್ ತಗೊಂಡೇ ಹೋಗ್ತೀನಿ ಅಂತ ಹಟ ಹಿಡಿದಿದ್ದರು. ಸಿಂಗಾಪುರದಲ್ಲಿ 2017ರಲ್ಲೇ 2ಜಿ ನಿಂತುಹೋಗಿದೆ. ಅಮೆರಿಕದ ದೊಡ್ಡ ಕಂಪನಿಗಳು 2022ರಲ್ಲಿ 3ಜಿಯನ್ನೂ ಮುಚ್ಚಿದವು. ಅಲ್ಲೆಲ್ಲ ಆ ಫೋನು ಟಾರ್ಚಿಗೆ, ಅಲಾರಮ್ಮಿಗೆ ಮಾತ್ರ. ಟಾರ್ಚಿಗಾದರೂ ಇರಲಿ ಅಂತ ಒಪ್ಪಿಕೊಂಡಿದ್ದೀನಿ, ಆದರೆ ಸಿಮ್ ಮಾತ್ರ ಹೊಸ ಫೋನಿಗೆ ಹಾಕಿ ಆಯ್ತು. ಪಿಂಚಣಿ ಖಾತೆಯ ಓಟಿಪಿ ಅದಕ್ಕೇ ಬರೋದು.

ಅಮ್ಮನ ಫೋನಿನಲ್ಲಿ ಎಲ್ಲ ಹೆಸರುಗಳ ಮುಂದೆ ಪ್ಲಸ್ 91 ಸೇರಿಸಿದೆ. ಬರೀ ಹತ್ತು ಅಂಕಿ ಇದ್ದರೆ ಅಲ್ಲಿಂದ ಕರೆ ಬೇರೆಲ್ಲಿಗೋ ಹೋಗುತ್ತೆ, ಇಲ್ಲಾ ಹೋಗೋದೇ ಇಲ್ಲ. ಜೊತೆಗೆ ನಾಲ್ಕು ನಂಬರುಗಳನ್ನು ಪಂಚಾಂಗದ ಕೊನೇ ಪುಟದಲ್ಲಿ ಬರೆಸಿದೆ: ನಂದು, ನನ್ನ ಹೆಂಡತಿದು, ತಂಗಿದು, ಚಿಕ್ಕಪ್ಪನ ಮಗಂದು. ಫೋನ್ ಮನೆಯಲ್ಲಿ ಮರೆತರೂ ಪಂಚಾಂಗ ಅವಳ ಚೀಲದಲ್ಲಿ ಇರುತ್ತೆ. ಮೊನ್ನೆ ವಿಡಿಯೋ ಕಾಲ್‌ನಲ್ಲಿ, ಪುಟ ನೋಡಿಕೊಂಡು ನನ್ನ ನಂಬರ್ ಒತ್ತಿ ತೋರಿಸು ಅಂದೆ. ಕನ್ನಡಕ ಹಾಕ್ಕೊಂಡು ಕೂತಳು. ಸ್ವಲ್ಪ ಹೊತ್ತು ಆ ಕಡೆ ಸದ್ದೇ ಇಲ್ಲ.

'ಅಲ್ಲ ಕಣೋ, ಈ ಪ್ಲಸ್ ಎಲ್ಲಿದೆ ಇದರಲ್ಲಿ?'

'ಸೊನ್ನೆ ಇದೆಯಲ್ಲ ಅಮ್ಮ, ಅದನ್ನು ಒತ್ತಿ ಹಿಡ್ಕೋ.'